ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗ್: ಪ್ರತಿ ಸಾಲಿಗೂ ಆ ಕಡೆ ಒಂದು ಜೋಡಿ ಇದೆ

ಕಂಪನಿಗಳಲ್ಲಿ ಓಡುವ ದೊಡ್ಡ ಸಾಫ್ಟ್‌ವೇರ್ ಯಾವುದನ್ನೇ ತೆಗೆದುಕೊಳ್ಳಿ, ಅದರ ಜೊತೆ ಒಂದು ಚಿಕ್ಕ ಫೈಲ್ ಇರುತ್ತದೆ. ಹತ್ತು ಹನ್ನೆರಡು ಸಾಲು ಅಷ್ಟೇ. ಡೇಟಾಬೇಸ್ ಎಲ್ಲಿದೆ, ಯಾವ ಪೋರ್ಟು, ಯಾರ ಹೆಸರಿನಲ್ಲಿ ಒಳಗೆ ಹೋಗಬೇಕು, ಪಾಸ್‌ವರ್ಡ್ ಏನು, ಒಟ್ಟಿಗೆ ಎಷ್ಟು ಕನೆಕ್ಷನ್, ಎಷ್ಟು ಹೊತ್ತು ಕಾಯಬೇಕು. ಹಳೇ ಪ್ರಾಜೆಕ್ಟಿನಿಂದ ಕಾಪಿ ಮಾಡಿ ಹೆಸರು, ಪಾಸ್‌ವರ್ಡ್ ಬದಲಿಸಿದರೆ ಮೊದಲ ದಿನವೇ ಓಡಿಬಿಡುತ್ತದೆ. ಹಾಗಾಗಿ ಇದನ್ನು ಯಾರೂ ಕೂತು ಓದುವುದಿಲ್ಲ. ಆಮೇಲೆ ಕೆಲಸ ಜೋರಾಗಿರುವ ದಿನ ನೋಡಿಯೇ ಅದು ಕೈಕೊಡುತ್ತದೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸ್ಟಾಕ್ ಸಾಫ್ಟ್‌ವೇರ್ ಅನ್ನು ಕೆಲವು ವರ್ಷ ನೋಡಿಕೊಂಡಿದ್ದೇನೆ. ಬೆಳೆಗಾರರ ಪಿಕಪ್ ಬರುತ್ತದೆ, ತೂಕ ಆಗುತ್ತದೆ, ಸ್ಯಾಂಪಲ್ ತೆಗೆದು ತೇವಾಂಶ ಮತ್ತು ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ) ನೋಡುತ್ತಾರೆ, ರಸೀದಿ ಕೊಡುತ್ತಾರೆ. ಇಷ್ಟೂ ಡೇಟಾಬೇಸ್‌ಗೆ ಹೋಗಬೇಕು. ಜುಲೈ ಮಳೆಯಲ್ಲಿ ದಿನಕ್ಕೆ ನಾಲ್ಕು ರಸೀದಿ ಆದರೆ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಶುರುವಾಗಿ, ಗಾಡಿಗಳ ಸಾಲು ಗೇಟ್ ದಾಟಿ ರಸ್ತೆಗೆ ಬಂದಿರುತ್ತದೆ. ಆ ಫೈಲ್‌ನಲ್ಲಿರುವ ಒಂದೊಂದು ಸಾಲಿನ ಅರ್ಥವೂ ನನಗೆ ಗೊತ್ತಾಗಿದ್ದು ಆ ಗಾಡಿಗಳ ಸಾಲಿನಲ್ಲಿ ನಿಂತವರಿಂದ.

ಮೊದಲೇ ಹೇಳಿಬಿಡುತ್ತೇನೆ. ಈ ಫೈಲ್‌ನ ಪ್ರತಿ ಸಾಲಿಗೂ ಇನ್ನೆಲ್ಲೋ ಒಂದು ಜೋಡಿ ಇದೆ. ಡೇಟಾಬೇಸ್ ಸರ್ವರ್‌ನಲ್ಲಿ ಇರಬಹುದು, ದಾರಿಯಲ್ಲಿರುವ ಫೈರ್‌ವಾಲ್‌ನಲ್ಲಿ ಇರಬಹುದು, ಮುಂದಿರುವ ವೆಬ್ ಸರ್ವರ್‌ನಲ್ಲಿ ಇರಬಹುದು. ಆ ಜೋಡಿಯನ್ನು ನೋಡದೆ ಈ ಕಡೆ ನಂಬರ್ ಬರೆದರೆ ಅದು ಸುಮ್ನೆ ಊಹೆ.

ವಿಳಾಸದಿಂದ ಶುರು ಮಾಡೋಣ. ಜಾವಾ ಅಪ್ಲಿಕೇಶನ್ ಆದರೆ ಅದು ಹೀಗಿರುತ್ತದೆ: ಜೆಡಿಬಿಸಿ:ಪೋಸ್ಟ್‌ಗ್ರೆಸ್‌ಕ್ಯೂಎಲ್://10.0.0.5:5432/ಸ್ಟಾಕ್. ಎಡದಿಂದ ಓದಿ. ಯಾವ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ಕೋಡ್) ಬೇಕು, ಯಾವ ಮೆಷಿನ್, ಆ ಮೆಷಿನ್‌ನ ಯಾವ ಬಾಗಿಲು, ಒಳಗೆ ಹೋದ ಮೇಲೆ ಯಾವ ಡೇಟಾಬೇಸ್. ಬಾಗಿಲಿನ ನಂಬರ್ ಅಂದರೆ ಪೋರ್ಟ್, ಡೇಟಾಬೇಸ್ ಸಾಫ್ಟ್‌ವೇರ್‌ಗಳಲ್ಲಿ ಪೋಸ್ಟ್‌ಗ್ರೆಸ್‌ಗೆ 5432, ಮೈಎಸ್‌ಕ್ಯೂಎಲ್‌ಗೆ 3306, ಒರಾಕಲ್‌ಗೆ 1521, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ 1433. ಯಾರೂ ಬದಲಿಸಿಲ್ಲದಿದ್ದರೆ ಇವೇ ಇರುತ್ತವೆ.

ಇದರ ಜೋಡಿ ಎಲ್ಲಿದೆ ಅಂದರೆ ಡೇಟಾಬೇಸ್ ಸರ್ವರ್‌ನ ಒಳಗೆ. ಪೋಸ್ಟ್‌ಗ್ರೆಸ್ ಹೊಸದಾಗಿ ಹಾಕಿದಾಗ ತನ್ನದೇ ಮೆಷಿನ್‌ನಿಂದ ಬಂದವರ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಲಿಸನ್ ಅಡ್ರೆಸಸ್ ಎಂಬ ಸೆಟ್ಟಿಂಗ್ ಲೋಕಲ್‌ಹೋಸ್ಟ್ ಅಂತ ಇರುತ್ತದೆ, ಅದನ್ನು ಬದಲಿಸಬೇಕು. ಅದಾದ ಮೇಲೂ ಪಿಜಿ ಎಚ್‌ಬಿಎ ಅಂತ ಇನ್ನೊಂದು ಫೈಲ್ ಇದೆ. ಯಾವ ಐಪಿಯಿಂದ, ಯಾವ ಯೂಸರ್, ಯಾವ ಡೇಟಾಬೇಸ್‌ಗೆ ಬರಬಹುದು ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ, ಮೇಲಿನಿಂದ ಓದುತ್ತಾ ಹೋಗಿ ಮೊದಲು ಹೊಂದಿದ ಸಾಲೇ ಅಂತಿಮ. ಈ ಎರಡನ್ನೂ ನೋಡದೆ ಅಪ್ಲಿಕೇಶನ್ ಕಡೆ ಫೈಲ್ ತಿದ್ದುತ್ತಾ ಅರ್ಧ ದಿನ ಕಳೆದವರನ್ನು ನಾನು ತುಂಬಾ ನೋಡಿದ್ದೇನೆ.

ಅರ್ಧ ದಿನ ಕಳೆಯಬೇಕಿಲ್ಲ. ಎರರ್ ಮೆಸೇಜನ್ನು ಸರಿಯಾಗಿ ಓದಿದರೆ ಅದೇ ಹೇಳುತ್ತದೆ. ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಮೆಷಿನ್ ಸಿಕ್ಕಿದೆ, ಆದರೆ ಆ ಬಾಗಿಲಿನ ಹಿಂದೆ ಯಾರೂ ಇಲ್ಲ. ಡೇಟಾಬೇಸ್ ಎದ್ದಿಲ್ಲ, ಅಥವಾ ಪೋರ್ಟ್ ತಪ್ಪು, ಅಥವಾ ಅದು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳುತ್ತಿದೆ. ಕನೆಕ್ಷನ್ ಟೈಮ್ಡ್ ಔಟ್ ಅಂದರೆ ಆ ಕಡೆಯಿಂದ ಹೂಂ ಇಲ್ಲ ಉಹೂಂ ಇಲ್ಲ. ಐಪಿ ತಪ್ಪಿರಬೇಕು, ಇಲ್ಲವೇ ಮಧ್ಯದಲ್ಲಿ ಫೈರ್‌ವಾಲ್ ನಮ್ಮ ಪ್ಯಾಕೆಟ್ ನುಂಗುತ್ತಿದೆ. ಪಿಜಿ ಎಚ್‌ಬಿಎ ಎಂಟ್ರಿ ಇಲ್ಲ ಅಂತ ಬಂದರೆ ಡೇಟಾಬೇಸ್‌ವರೆಗೆ ಹೋಗಿ ಮುಟ್ಟಿದ್ದೀರಿ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಷ್ಟೇ. ಪಾಸ್‌ವರ್ಡ್ ತಪ್ಪು ಅಂತ ಬಂದರಂತೂ ಸಂತೋಷಪಡಿ, ನೆಟ್‌ವರ್ಕ್ ಪೂರ್ತಿ ಸರಿ ಇದೆ. ಫೋನ್ ಮಾಡಿ "ಕನೆಕ್ಟ್ ಆಗ್ತಿಲ್ಲ ಸಾರ್" ಅನ್ನುವ ಹುಡುಗರಿಗೆ ನಾನು ಮೊದಲು ಕೇಳುವುದು ಇದನ್ನೇ, ಎರರ್‌ನ ಅಕ್ಷರ ಅಕ್ಷರ ಓದಪ್ಪಾ ಅಂತ.

ಪಾಸ್‌ವರ್ಡ್ ಸರಿ ಇದ್ದೂ ತಪ್ಪು ಅಂತ ಬರುವ ಒಂದು ಸಂದರ್ಭ ಇದೆ. ಪಾಸ್‌ವರ್ಡನ್ನು ವಿಳಾಸದ ಒಳಗೇ ಬರೆಯುವ ಕಡೆ, ಅದರಲ್ಲಿ @ ಅಥವಾ # ಇದ್ದರೆ ಡ್ರೈವರ್‌ಗೆ ವಿಳಾಸ ಎಲ್ಲಿ ಮುಗಿಯಿತು ಅಂತ ಗೊಂದಲ ಆಗುತ್ತದೆ. ಅಲ್ಲಿ @ ಬದಲು %40, # ಬದಲು %23 ಅಂತ ಬರೆಯಬೇಕು. ಪಾಸ್‌ವರ್ಡ್‌ಗೆ ಬೇರೆ ಸಾಲು ಇದ್ದರೆ ಈ ರಗಳೆಯೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕನೆಕ್ಷನ್‌ಗಳ ಲೆಕ್ಕ.

ಒಂದು ಕನೆಕ್ಷನ್ ಹೊಸದಾಗಿ ಆಗಬೇಕಾದರೆ ಎರಡೂ ಕಡೆ ಹಲವು ಸಲ ಮಾತಾಡಬೇಕು. ಮೊದಲು ಟಿಸಿಪಿ, ಅಂದರೆ ನೆಟ್‌ವರ್ಕಿನ ಕೈಕುಲುಕು, ಆಮೇಲೆ ಎನ್‌ಕ್ರಿಪ್ಷನ್ ಹೇಗೆ ಅಂತ ಒಪ್ಪಂದ, ಆಮೇಲೆ ಪಾಸ್‌ವರ್ಡ್ ಪರೀಕ್ಷೆ. ಡೇಟಾಬೇಸ್ ಪಕ್ಕದ ರೂಮಿನಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಡೇಟಾಬೇಸ್ ಮುಂಬೈನ ಕ್ಲೌಡ್‌ನಲ್ಲಿದ್ದು, ಅಪ್ಲಿಕೇಶನ್ ಚಿಕ್ಕಮಗಳೂರಿನಲ್ಲಿದ್ದು, ಒಂದು ಸಲ ಹೋಗಿಬರಲು 40 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಆರೇಳು ಸಲ ಹೋಗಿಬಂದರೆ ಕಾಲು ಸೆಕೆಂಡ್ ಬರೀ ಪರಿಚಯಕ್ಕೇ ಹೋಯಿತು. ಇನ್ನೂ ಒಂದೂ ಪ್ರಶ್ನೆ ಕೇಳಿಲ್ಲ. ಆ ಕಡೆ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೆ ಒಂದು ಪೂರ್ತಿ ಪ್ರೊಸೆಸ್ ಹುಟ್ಟಿಸುತ್ತದೆ, ಮೈಎಸ್‌ಕ್ಯೂಎಲ್ ಒಂದು ಥ್ರೆಡ್ ಕೊಡುತ್ತದೆ. ಎರಡಕ್ಕೂ ಮೆಮೊರಿ ಬೇಕು. ಅದಕ್ಕೇ ಅಪ್ಲಿಕೇಶನ್‌ಗಳು ಕೆಲವು ಕನೆಕ್ಷನ್‌ಗಳನ್ನು ಮೊದಲೇ ತೆರೆದು ಇಟ್ಟುಕೊಂಡು, ಬೇಕಾದವರಿಗೆ ಕೊಟ್ಟು, ಕೆಲಸ ಆದ ಮೇಲೆ ವಾಪಸ್ ತೆಗೆದುಕೊಳ್ಳುತ್ತವೆ. ಅದೇ ಕನೆಕ್ಷನ್ ಪೂಲ್. ಜಾವಾದಲ್ಲಿ ಈಗ ಜಾಸ್ತಿ ಬಳಕೆಯಲ್ಲಿರುವುದು ಹಿಕಾರಿ. ಅದರಲ್ಲಿ ನೀವೇನೂ ಹೇಳದಿದ್ದರೆ ಪೂಲ್‌ನ ಗಾತ್ರ 10.

ಹತ್ತು ಅಂದಕೂಡಲೇ ಎಲ್ಲರಿಗೂ ಕಡಿಮೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಂದು ಜನವರಿಯಲ್ಲಿ ರಸೀದಿ ನಿಧಾನವಾಗಿ ಬರುತ್ತಿದೆ ಅಂತ ದೂರು ಬಂತು. ಲಾಗ್ ನೋಡಿದರೆ ಕನೆಕ್ಷನ್ ಸಿಗುತ್ತಿಲ್ಲ ಅಂತ ಬರೆದಿತ್ತು. ಆಗ ಪೂಲ್ 20 ಇತ್ತು, ನಾನು 80 ಮಾಡಿದೆ. ಆ ದೂರು ಲಾಗ್‌ನಿಂದ ಮಾಯವಾಯಿತು, ರಸೀದಿ ಮಾತ್ರ ಮೊದಲಿಗಿಂತ ನಿಧಾನವಾಯಿತು.

ಯಾಕೆ ಅಂತ ಅರ್ಥ ಆಗಿದ್ದು ಕಂಪ್ಯೂಟರ್ ಮುಂದೆ ಕೂತಾಗ ಅಲ್ಲ, ವೇಬ್ರಿಡ್ಜ್ ಹತ್ತಿರ ನಿಂತಾಗ. ಒಳಗೆ ತೂಕದ ಕಟ್ಟೆ ಇರುವುದು ಒಂದೇ. ಗೇಟ್‌ನವನು ಒಂದು ಸಲಕ್ಕೆ ಐದಾರು ಗಾಡಿ ಬಿಡುತ್ತಾನೆ, ಉಳಿದವರು ರಸ್ತೆಯಲ್ಲಿ ಸಾಲಾಗಿ ಇರಬೇಕು. ಅವತ್ತು ಯಾರೋ ಗೌಡರು ಗಲಾಟೆ ಮಾಡಿ, ಗೇಟ್ ಪೂರ್ತಿ ತೆಗೆಸಿದ್ದರು. ಮೂವತ್ತು ಪಿಕಪ್ ಕಣದವರೆಗೂ ನುಗ್ಗಿದವು. ಹಿಂದೆ ಬರುವಂತಿಲ್ಲ, ಮುಂದೆ ಹೋಗುವಂತಿಲ್ಲ. ತೂಕದವನು ತಲೆಗೆ ಕೈಹಚ್ಚಿಕೊಂಡು ಹೇಳಿದ: "ಒಳಗೆ ಜಾಗ ಇದ್ದಷ್ಟೇ ಬಿಡ್ಬೇಕು ಸಾರ್, ಇಲ್ಲಾಂದ್ರೆ ತೂಕ ಆದ ಗಾಡಿನೂ ಹೊರಗೆ ಹೋಗಕ್ಕಾಗಲ್ಲ."

ಡೇಟಾಬೇಸ್ ಸರ್ವರ್‌ನಲ್ಲಿ ಆ ತೂಕದ ಕಟ್ಟೆ ಅಂದರೆ ಪ್ರೊಸೆಸರ್ ಕೋರ್ ಮತ್ತು ಡಿಸ್ಕ್. ನಮ್ಮದರಲ್ಲಿ 4 ಕೋರ್ ಇತ್ತು. ಒಂದು ಕ್ಷಣಕ್ಕೆ ನಾಲ್ಕು ಕೆಲಸ ಮಾತ್ರ ನಿಜವಾಗಿ ನಡೆಯುತ್ತದೆ. ಡಿಸ್ಕ್‌ಗೆ ಕಾಯುವ ಹೊತ್ತಿನಲ್ಲಿ ಇನ್ನು ಕೆಲವಕ್ಕೆ ಅವಕಾಶ ಸಿಗುತ್ತದೆ. ಎಂಬತ್ತು ಜನರನ್ನು ಒಳಗೆ ಬಿಟ್ಟರೆ ಅವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಎಬ್ಬಿಸಿ ಕೂರಿಸುವುದರಲ್ಲೇ, ಟೇಬಲ್‌ನ ಒಂದೇ ಸಾಲಿನ ಬೀಗಕ್ಕೆ ಹತ್ತು ಜನ ಕಾಯುವುದರಲ್ಲೇ ಸಮಯ ಹೋಗುತ್ತದೆ. ಪೋಸ್ಟ್‌ಗ್ರೆಸ್ ಬಳಸುವವರಲ್ಲಿ ಒಂದು ಹಳೇ ಲೆಕ್ಕ ಇದೆ, ಹಿಕಾರಿಯವರೂ ಅದನ್ನೇ ಮುಂದೆ ಮಾಡುತ್ತಾರೆ: ಕೋರ್‌ಗಳ ಸಂಖ್ಯೆಯ ಎರಡರಷ್ಟು, ಅದಕ್ಕೆ ಡಿಸ್ಕ್‌ಗಳ ಸಂಖ್ಯೆ ಸೇರಿಸಿ. 4 ಕೋರ್, ಒಂದು ಡಿಸ್ಕ್ ಅಂದರೆ 9. ಇದು ಶುರು ಮಾಡಲು ಒಂದು ಅಂದಾಜು, ಅಲ್ಲಿಂದ ಅಳೆದು ನೋಡಿ ಏರಿಸಬೇಕು ಇಳಿಸಬೇಕು. ನಾನು 80ರಿಂದ 10ಕ್ಕೆ ಇಳಿಸಿದೆ. ಅವತ್ತು ಮಧ್ಯಾಹ್ನದಿಂದಲೇ ರಸೀದಿ ಬೇಗ ಬರತೊಡಗಿತು.

ನಮಗೆ ಎಷ್ಟು ಬೇಕು ಅಂತ ಅಳೆಯಲು ಸುಲಭದ ದಾರಿ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಅದು, ಯಾವ ಸಾಲಿಗಾದರೂ ಹೊಂದುತ್ತದೆ. ಸೆಕೆಂಡಿಗೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಎಷ್ಟು ಸೆಕೆಂಡ್ ಒಳಗಿರುತ್ತಾರೆ, ಎರಡನ್ನೂ ಗುಣಿಸಿದರೆ ಸರಾಸರಿ ಒಳಗೆ ಎಷ್ಟು ಜನ ಇರುತ್ತಾರೆ ಅಂತ ಬರುತ್ತದೆ. ಸೆಕೆಂಡಿಗೆ 50 ಕೋರಿಕೆ, ಒಂದೊಂದೂ ಕನೆಕ್ಷನ್ ಹಿಡಿದುಕೊಳ್ಳುವುದು 40 ಮಿಲಿಸೆಕೆಂಡ್ ಅಂದರೆ 50 × 0.04, ಬರೀ 2 ಕನೆಕ್ಷನ್. ಸರಾಸರಿ ಇದು, ಒಮ್ಮೆಲೇ ನುಗ್ಗುವ ಹೊತ್ತಿಗೆ ಅಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬೇಕು. ಆದರೂ ಹತ್ತು ಸಾಕಾಗುತ್ತದೆ, ಅಲ್ವಾ?

ಹಾಗಿದ್ದರೆ ಮೊದಲಿಗೆ 20 ಯಾಕೆ ಸಾಲಲಿಲ್ಲ? ಆಫೀಸಿನಲ್ಲಿ ಅಕೌಂಟ್ಸ್‌ನವರು ಇಡೀ ಸೀಸನ್ನಿನ ರಿಪೋರ್ಟ್ ತೆಗೆಯುತ್ತಿದ್ದರು. ಒಂದು ರಿಪೋರ್ಟ್ ಒಂದೂವರೆ ನಿಮಿಷ. ಬರಲಿಲ್ಲ ಅಂತ ಮತ್ತೆ ಬಟನ್ ಒತ್ತುತ್ತಿದ್ದರು, ಹಳೆಯದು ನಿಲ್ಲದೆ ಹೊಸದೊಂದು ಶುರುವಾಗುತ್ತಿತ್ತು. ಗೇಟಿನ ಜಾಗವನ್ನೆಲ್ಲ ನಾಲ್ಕೈದು ದೊಡ್ಡ ಲಾರಿ ತುಂಬಿಕೊಂಡ ಹಾಗೆ. ಪೂಲ್ ದೊಡ್ಡದು ಮಾಡುವುದರಿಂದ ಇದು ಸರಿಹೋಗುವುದಿಲ್ಲ. ರಿಪೋರ್ಟ್‌ಗೆ 2 ಕನೆಕ್ಷನ್‌ನ ಬೇರೆ ಪೂಲ್ ಮಾಡಿದೆ. ಅವರು ಕಾಯುವುದು ಅವರ ಸಾಲಿನಲ್ಲಿ, ರಸೀದಿಯವರ ದಾರಿಗೆ ಅಡ್ಡ ಬರುವುದಿಲ್ಲ.

ಪೂಲ್ ಗಾತ್ರದ ಜೋಡಿ ಡೇಟಾಬೇಸ್‌ನಲ್ಲಿರುವ ಮ್ಯಾಕ್ಸ್ ಕನೆಕ್ಷನ್ಸ್. ಪೋಸ್ಟ್‌ಗ್ರೆಸ್‌ನಲ್ಲಿ ಅದು ಮೊದಲಿಗೆ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್‌ಗೆ, ಮೀಸಲು. ಹಾಗಾಗಿ ನಮಗೆ ಸಿಗುವುದು 97. ಮೈಎಸ್‌ಕ್ಯೂಎಲ್‌ನಲ್ಲಿ 151. ಪೂಲ್ ಎಂಬುದು ಅಪ್ಲಿಕೇಶನ್‌ನ ಒಂದು ಪ್ರತಿಗೆ ಒಂದು, ಇದನ್ನು ತುಂಬಾ ಜನ ಮರೆಯುತ್ತಾರೆ. ರಸೀದಿಯ ಅಪ್ಲಿಕೇಶನ್ ಎರಡು ಪ್ರತಿ, ಅಕೌಂಟ್ಸ್ ಒಂದು, ರಿಪೋರ್ಟ್ ಒಂದು, ಒಂದೊಂದಕ್ಕೂ 20 ಅಂದರೆ 80. ಪರವಾಗಿಲ್ಲ ಅನ್ನಿಸುತ್ತದೆ. ಹೊಸ ವರ್ಷನ್ ಹಾಕುವ ರಾತ್ರಿ ರಸೀದಿಯ ಹೊಸ ಎರಡು ಪ್ರತಿ ಏಳುತ್ತವೆ, ಹಳೆಯವು ಇನ್ನೂ ಹೋಗಿರುವುದಿಲ್ಲ. 120 ಆಯಿತು. ಉಳಿದ ಸ್ಲಾಟ್‌ಗಳು ಸೂಪರ್‌ಯೂಸರ್‌ಗೆ ಮೀಸಲು ಎಂಬ ಅರ್ಥದ ಎರರ್ ಬಂದು ಹೊಸದು ಸರಿಯಾಗಿ ಏಳುವುದಿಲ್ಲ. ಅದಕ್ಕೇ ಲೆಕ್ಕ ಹಾಕುವಾಗ ಪ್ರತಿಗಳನ್ನು ಎಣಿಸಿ, ಬ್ಯಾಕಪ್ ಮತ್ತು ಯಾರದೋ ಲ್ಯಾಪ್‌ಟಾಪಿನಲ್ಲಿ ತೆರೆದಿರುವ ಟೂಲ್‌ಗಳನ್ನೂ ಎಣಿಸಿ, ವರ್ಷನ್ ಬದಲಿಸುವ ರಾತ್ರಿಯನ್ನೂ ಎಣಿಸಿ. ಪ್ರತಿಗಳೇ ನೂರಾರು ಇರುವ ಕಡೆ ಎಲ್ಲರ ಕನೆಕ್ಷನ್‌ಗಳನ್ನೂ ಒಂದೇ ಕಡೆಯಿಂದ ಹಂಚಲು ಮಧ್ಯದಲ್ಲಿ ಪಿಜಿಬೌನ್ಸರ್ ತರಹದ್ದನ್ನು ಇಡುತ್ತಾರೆ. ನಮ್ಮಂಥ ಊರಿನ ಕಂಪನಿಗೆ ಅದು ಬೇಕಾಗುವುದು ಕಡಿಮೆ.

ಪೂಲ್ ಚಿಕ್ಕದಿದ್ದಾಗ ಎಚ್ಚರ ತಪ್ಪಬಾರದ ಒಂದು ಜಾಗ ಇದೆ. ನಮ್ಮ ಕೋಡ್‌ನಲ್ಲಿ ರಸೀದಿ ಉಳಿಸಲು ಒಂದು ಕನೆಕ್ಷನ್ ತೆಗೆದುಕೊಂಡು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ರಸೀದಿ ನಂಬರ್ ತರಲು ಇನ್ನೊಂದು ಕೇಳುತ್ತಿತ್ತು. ಪೂಲ್‌ನಲ್ಲಿ 10. ಹತ್ತು ಜನ ಒಂದೇ ಕ್ಷಣದಲ್ಲಿ ಉಳಿಸು ಒತ್ತಿದರೆ ಹತ್ತೂ ಖಾಲಿ, ಹತ್ತೂ ಜನ ಎರಡನೆಯದಕ್ಕೆ ಕಾಯುತ್ತಾರೆ, ಯಾರೂ ಮೊದಲನೆಯದನ್ನು ಬಿಡುವುದಿಲ್ಲ. ಡೇಟಾಬೇಸ್ ಮಾತ್ರ ಆರಾಮಾಗಿ ಸುಮ್ಮನಿರುತ್ತದೆ. ಇದಕ್ಕೂ ಲೆಕ್ಕ ಇದೆ: ಜನರ ಸಂಖ್ಯೆಯನ್ನು, ಒಬ್ಬರಿಗೆ ಬೇಕಾದ ಕನೆಕ್ಷನ್‌ನಲ್ಲಿ ಒಂದು ಕಳೆದು ಗುಣಿಸಿ, ಕೊನೆಗೆ ಒಂದು ಕೂಡಿಸಿ. ಇಲ್ಲಿ 11. ಹನ್ನೊಂದನೆಯದು ಇದ್ದರೆ ಯಾರಾದರೂ ಒಬ್ಬರು ಮುಗಿಸಿ ಹೊರಗೆ ಬರುತ್ತಾರೆ, ಸಾಲು ಕರಗುತ್ತದೆ. ನಾನು ಎರಡೂ ಕೆಲಸವನ್ನು ಒಂದೇ ಕನೆಕ್ಷನ್‌ನಲ್ಲಿ ಆಗುವಂತೆ ಕೋಡ್ ತಿದ್ದಿದೆ, ಅದೇ ಸರಿಯಾದ ದಾರಿ.

ತೆಗೆದುಕೊಂಡದ್ದನ್ನು ವಾಪಸ್ ಕೊಡದಿರುವುದು ಇನ್ನೊಂದು ಕಾಯಿಲೆ. ಎರರ್ ಬಂದಾಗ ಮಾತ್ರ ಓಡುವ ಯಾವುದೋ ದಾರಿಯಲ್ಲಿ ಕ್ಲೋಸ್ ಬಿಟ್ಟುಹೋಗಿರುತ್ತದೆ. ದಿನಕ್ಕೆ ಒಂದೊಂದು ಕನೆಕ್ಷನ್ ಸೋರಿ, ಹತ್ತನೇ ದಿನ ಎಲ್ಲ ನಿಂತುಹೋಗುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದು ಎಲ್ಲಾದರೂ ರೂಢಿ ಆಗಿದ್ದರೆ ಮೊದಲು ಇದನ್ನು ಅನುಮಾನಿಸಿ. ಹಿಕಾರಿಯಲ್ಲಿ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಅಂತ ಇದೆ, ಮೊದಲಿಗೆ ಅದು ಆಫ್ ಆಗಿರುತ್ತದೆ. 20 ಸೆಕೆಂಡ್ ಅಂತ ಹಾಕಿದರೆ ಅಷ್ಟು ಹೊತ್ತು ವಾಪಸ್ ಬರದ ಕನೆಕ್ಷನ್ ಅನ್ನು ಕೋಡ್‌ನ ಯಾವ ಜಾಗ ತೆಗೆದುಕೊಂಡಿತ್ತು ಅಂತ ಲಾಗ್‌ನಲ್ಲಿ ಬರೆಯುತ್ತದೆ.

ಇನ್ನು ಸಮಯದ ಸಾಲುಗಳು. ನನ್ನ ಮಟ್ಟಿಗೆ ಇಡೀ ಫೈಲ್‌ನಲ್ಲಿ ಅತಿ ಹೆಚ್ಚು ಕಾಟ ಕೊಟ್ಟಿದ್ದು ಇವು. ನಮ್ಮಲ್ಲಿ ಮೊದಲು ಮೈಎಸ್‌ಕ್ಯೂಎಲ್ ಇತ್ತು, ಜಾವಾ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಹಳೇ ಕಾಲದ ಪೂಲ್. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ ಬರುವ ಮೊದಲ ಗಾಡಿಗೆ ರಸೀದಿ ಆಗುತ್ತಿರಲಿಲ್ಲ, ಎರರ್. ಎರಡು ಮೂರು ಸಲ ಒತ್ತಿದ ಮೇಲೆ ಸರಿ. ಆಮೇಲೆ ಇಡೀ ದಿನ ಏನೂ ತೊಂದರೆ ಇಲ್ಲ. ಗೇಟಿನ ಹತ್ತಿರ ಕೂರುವ ರೈಟರ್ ಅದಕ್ಕೆ ಹೊಂದಿಕೊಂಡು, ಬೆಳಿಗ್ಗೆ ಬಂದಕೂಡಲೇ ಸುಮ್ನೆ ಒಂದು ಖಾಲಿ ರಸೀದಿ ಒತ್ತಿ ನೋಡುತ್ತಿದ್ದರು. ಇದು ನನಗೆ ತಿಳಿದಿದ್ದೇ ತಿಂಗಳಾದ ಮೇಲೆ.

ಕಾರಣ ಒಂದೇ ಒಂದು ನಂಬರ್. ಮೈಎಸ್‌ಕ್ಯೂಎಲ್‌ನಲ್ಲಿ ವೇಯ್ಟ್ ಟೈಮ್‌ಔಟ್ 28800 ಸೆಕೆಂಡ್, ಅಂದರೆ 8 ಗಂಟೆ. ಅಷ್ಟು ಹೊತ್ತು ಮಾತಾಡದ ಕನೆಕ್ಷನ್ ಅನ್ನು ಅದು ತಾನಾಗಿ ಮುಚ್ಚುತ್ತದೆ. ನಮ್ಮಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೆ ಬೆಳಿಗ್ಗೆ ಎಂಟಕ್ಕೆ ತೆಗೆಯುವುದು, 12 ಗಂಟೆ. ಡೇಟಾಬೇಸ್ ಮಧ್ಯರಾತ್ರಿ ದಾಟಿದ ಮೇಲೆ ಎಲ್ಲ ಮುಚ್ಚಿದೆ. ಪೂಲ್‌ಗೆ ಅದು ಗೊತ್ತಿಲ್ಲ, ಸತ್ತ ಕನೆಕ್ಷನ್‌ಗಳನ್ನೇ ಒಂದೊಂದಾಗಿ ಕೈಗೆ ಕೊಡುತ್ತಿತ್ತು. ಹಳೇ ಪೂಲ್‌ಗಳಲ್ಲಿ ಕೊಡುವ ಮೊದಲು ಸೆಲೆಕ್ಟ್ 1 ಅಂತ ಕೇಳಿ ಜೀವ ಇದೆಯಾ ನೋಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿದೆ. ಹಿಕಾರಿಯಲ್ಲಿ ಮ್ಯಾಕ್ಸ್ ಲೈಫ್‌ಟೈಮ್ ಅಂತ ಬರುತ್ತದೆ, ಮೊದಲಿಗೆ 30 ನಿಮಿಷ. ಅಷ್ಟು ವಯಸ್ಸಾದ ಕನೆಕ್ಷನ್ ಅನ್ನು ಅದೇ ಮುಚ್ಚಿ ಹೊಸದು ತೆರೆಯುತ್ತದೆ. ಆ ಕಡೆಯವರು ಮುಚ್ಚುವ ಸಮಯಕ್ಕಿಂತ ನಾವು ಮುಚ್ಚುವ ಸಮಯ ಸ್ವಲ್ಪವಾದರೂ ಮುಂಚೆ ಇರಬೇಕು, ಇಲ್ಲಿ ಇದೊಂದೇ ನಿಯಮ.

ಆ ಕಡೆಯವರು ಅಂದರೆ ಡೇಟಾಬೇಸ್ ಮಾತ್ರ ಅಲ್ಲ. ಡೇಟಾಬೇಸ್ ಕ್ಲೌಡ್‌ಗೆ ಹೋದ ಮೇಲೆ ಮಧ್ಯದಲ್ಲಿ ಫೈರ್‌ವಾಲ್, ಗೇಟ್‌ವೇ, ಲೋಡ್ ಬ್ಯಾಲೆನ್ಸರ್ ಅಂತ ಏನೇನೋ ಬರುತ್ತವೆ. ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಮಾತಿಲ್ಲದಿದ್ದರೆ ಆ ಕನೆಕ್ಷನ್ ಅನ್ನು ಕೈಬಿಡುತ್ತದೆ. ಆರು ನಿಮಿಷವೂ ಇಲ್ಲ. ಇತ್ತ ಲಿನಕ್ಸ್, ಕನೆಕ್ಷನ್ ಬದುಕಿದೆಯಾ ಅಂತ ಮೊದಲ ಸಲ ವಿಚಾರಿಸುವುದು 7200 ಸೆಕೆಂಡ್ ಆದ ಮೇಲೆ, ಎರಡು ಗಂಟೆ. ಅದೂ ಹೀಗೆ ವಿಚಾರಿಸುವ ಕೀಪ್‌ಅಲೈವ್ ಸೆಟ್ಟಿಂಗ್ ಆನ್ ಇದ್ದರೆ. ಅದರ ಮಧ್ಯೆ ಏನಾಯಿತು ಅಂತ ಎರಡೂ ತುದಿಗೆ ತಿಳಿಯುವುದಿಲ್ಲ. ಹಿಕಾರಿಯ ಕೀಪ್‌ಅಲೈವ್ ಟೈಮ್ ಅನ್ನು ದಾರಿಯಲ್ಲಿರುವ ಅತಿ ಚಿಕ್ಕ ನಂಬರ್‌ಗಿಂತ ಕಡಿಮೆ ಇಡಿ. 350 ಸೆಕೆಂಡ್ ಇದ್ದರೆ ನಾನು 120 ಸೆಕೆಂಡ್ ಇಡುತ್ತೇನೆ.

ಕಾಯುವ ಸಮಯಗಳಲ್ಲೂ ಒಂದು ಕ್ರಮ ಇರಬೇಕು. ಪೂಲ್‌ನಿಂದ ಕನೆಕ್ಷನ್ ಸಿಗಲು ಎಷ್ಟು ಕಾಯಬೇಕು ಅನ್ನುವುದು ಹಿಕಾರಿಯಲ್ಲಿ 30 ಸೆಕೆಂಡ್. ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದು ಉತ್ತರಕ್ಕೆ 60 ಸೆಕೆಂಡ್ ಕಾಯುತ್ತದೆ. ಪೋಸ್ಟ್‌ಗ್ರೆಸ್‌ನ ಸ್ಟೇಟ್‌ಮೆಂಟ್ ಟೈಮ್‌ಔಟ್ 0, ಅಂದರೆ ಒಂದು ಕ್ವೆರಿ ಎಷ್ಟು ಹೊತ್ತಾದರೂ ಓಡಬಹುದು. ಜಾವಾ ಡ್ರೈವರ್‌ನ ಸಾಕೆಟ್ ಟೈಮ್‌ಔಟ್ ಕೂಡ 0, ಉತ್ತರ ಬರುವವರೆಗೂ ಕಾಯುತ್ತದೆ, ಉತ್ತರ ಕೊಡುವವನು ಇಲ್ಲದಿದ್ದರೂ. ಹೀಗೇ ಬಿಟ್ಟರೆ ಏನಾಗುತ್ತದೆ ನೋಡಿ. ಎಂಜಿನ್‌ಎಕ್ಸ್ 60ಕ್ಕೆ ಕೈಬಿಟ್ಟು ಬಳಕೆದಾರರಿಗೆ ಎರರ್ ತೋರಿಸಿದೆ, ಅವರು ಮತ್ತೆ ಒತ್ತಿದ್ದಾರೆ, ಮೊದಲ ಕ್ವೆರಿ ಮಾತ್ರ ಒಳಗೆ ಇನ್ನೂ ಓಡುತ್ತಲೇ ಇದೆ. ರಿಪೋರ್ಟ್ ಕಥೆ ಇದೇ. ಅದಕ್ಕೆ ಒಳಗಿನದು ಮೊದಲು ಮುಗಿಯುವಂತೆ ಇಡಬೇಕು. ನಾನು ರಸೀದಿಗೆ ಪೂಲ್‌ನ ಕಾಯುವಿಕೆ 5 ಸೆಕೆಂಡ್, ಕ್ವೆರಿಗೆ 15, ಸಾಕೆಟ್‌ಗೆ 30, ಹೊರಗೆ 60 ಅಂತ ಇಟ್ಟೆ. ತೂಕದ ಹತ್ತಿರ ನಿಂತ ಬೆಳೆಗಾರನಿಗೆ ಐದು ಸೆಕೆಂಡಿನಲ್ಲಿ ಆಗಲಿಲ್ಲ ಅಂತ ಗೊತ್ತಾಗುವುದು, ಅರ್ಧ ನಿಮಿಷ ಚಕ್ರ ತಿರುಗುವುದನ್ನು ನೋಡುವುದಕ್ಕಿಂತ ಎಷ್ಟೋ ವಾಸಿ.

ಮಲೆನಾಡಿನ ಕಡೆ ಕೆಲಸ ಮಾಡುವವರು ಇನ್ನೊಂದು ಸಾಲು ನೋಡಲೇಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಯುಪಿಎಸ್ ಮುಗಿಯುತ್ತದೆ, ಕರೆಂಟ್ ಬಂದಾಗ ಎಲ್ಲ ಮೆಷಿನ್‌ಗಳೂ ಒಟ್ಟಿಗೆ ಏಳುತ್ತವೆ. ಡೇಟಾಬೇಸ್‌ಗೆ ಏಳಲು ಸಮಯ ಬೇಕು, ಹಠಾತ್ತನೆ ನಿಂತಿದ್ದರೆ ತನ್ನ ಲಾಗ್ ಓದಿ ಸರಿಮಾಡಿಕೊಂಡು ಏಳಬೇಕು. ಅಪ್ಲಿಕೇಶನ್ ಅದಕ್ಕಿಂತ ಮೊದಲೇ ಎದ್ದು, ಡೇಟಾಬೇಸ್ ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಹಿಕಾರಿಯಲ್ಲಿ ಇನಿಷಿಯಲೈಸೇಷನ್ ಫೇಲ್ ಟೈಮ್‌ಔಟ್ ಮೊದಲಿಗೆ 1 ಮಿಲಿಸೆಕೆಂಡ್ ಇರುತ್ತದೆ, ಅಂದರೆ ಮೊದಲ ಪ್ರಯತ್ನದಲ್ಲಿ ಆಗದಿದ್ದರೆ ಕೈಬಿಡು ಅಂತ. ಅದನ್ನು 180000, ಮೂರು ನಿಮಿಷ ಮಾಡಿ. ಭಾನುವಾರ ಬೆಳಿಗ್ಗೆ ಆಫೀಸಿಗೆ ಓಡುವುದು ತಪ್ಪುತ್ತದೆ.

ಕನ್ನಡದ ಕಂಪನಿಗಳಿಗೆ ಕ್ಯಾರೆಕ್ಟರ್ ಸೆಟ್ ಸಾಲು, ಅಂದರೆ ಯಾವ ಅಕ್ಷರವನ್ನು ಹೇಗೆ ಬೈಟ್‌ಗಳಾಗಿ ಬರೆಯಬೇಕು ಅನ್ನುವ ಸಾಲು, ತುಂಬಾ ಮುಖ್ಯ, ಮತ್ತು ಇಲ್ಲಿ ಆದ ನಷ್ಟ ವಾಪಸ್ ಬರುವುದಿಲ್ಲ. ಬೆಳೆಗಾರರ ಹೆಸರು, ಊರು, ತೋಟದ ಹೆಸರು ಎಲ್ಲ ಕನ್ನಡದಲ್ಲಿ ಹಾಕಬೇಕು ಅಂತ ನಮ್ಮಲ್ಲಿ ತೀರ್ಮಾನ ಆಯಿತು. ಟೇಬಲ್ ಸರಿಯಾಗಿ ಮಾಡಿದ್ದೆವು, ಆದರೂ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಳೇ ಮೈಎಸ್‌ಕ್ಯೂಎಲ್ ಸರ್ವರ್‌ಗಳು ಮೊದಲಿಗೆ ಲ್ಯಾಟಿನ್1ನಲ್ಲಿ ಇರುತ್ತಿದ್ದವು, ಡ್ರೈವರ್ ಕೂಡ ಅದನ್ನೇ ಹಿಡಿದಿತ್ತು. ಲ್ಯಾಟಿನ್1ನಲ್ಲಿ ಕನ್ನಡದ ಅಕ್ಷರವೇ ಇಲ್ಲ. ಹಾಗಾಗಿ ದಾರಿಯಲ್ಲೇ ಪ್ರತಿ ಅಕ್ಷರ ಒಂದು ಪ್ರಶ್ನಾರ್ಥಕ ಚಿಹ್ನೆ ಆಗಿ ಹೋಗುತ್ತಿತ್ತು. ಟೇಬಲ್‌ನಲ್ಲಿ ಉಳಿದದ್ದು ಆ ಚಿಹ್ನೆಯೇ, ಅದರಿಂದ ಹೆಸರನ್ನು ಮತ್ತೆ ಪಡೆಯಲು ಆಗುವುದಿಲ್ಲ. ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನು ಹಳೇ ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದೆವು. ಟೇಬಲ್, ಡೇಟಾಬೇಸ್, ಕನೆಕ್ಷನ್ ಮೂರೂ ಯುಟಿಎಫ್8ಎಂಬಿ4 ಇರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಅಂತ ಹಿಂದಿನಿಂದ ಇದ್ದದ್ದು ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್ ಸಾಕು, ಹಾಗಾಗಿ ಕನ್ನಡ ನಡೆಯುತ್ತದೆ. ಯಾರಾದರೂ ಷರಾದಲ್ಲಿ ಇಮೋಜಿ ಹಾಕಿದರೆ ಅಲ್ಲಿಗೆ ನಿಂತಿತು. 2018ರ ಮೈಎಸ್‌ಕ್ಯೂಎಲ್ 8.0ಯಿಂದ ಯುಟಿಎಫ್8ಎಂಬಿ4 ತಾನಾಗಿ ಬರುತ್ತದೆ, ಆದರೆ ಹಳೆಯದರಿಂದ ಏರಿಸಿಕೊಂಡು ಬಂದ ಟೇಬಲ್‌ಗಳು ಹಳೆಯದರಲ್ಲೇ ಇರುತ್ತವೆ.

ಟೈಮ್‌ಝೋನ್ ಕೂಡ ಹೀಗೇ ಸದ್ದಿಲ್ಲದೆ ತಪ್ಪುತ್ತದೆ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತವೆ, ನಾವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಸೀಸನ್ನಿನಲ್ಲಿ ಮಧ್ಯರಾತ್ರಿ ಮೇಲೆ ಲೋಡ್ ಬಂದರೆ ಬೆಳಗಿನ ಜಾವ 5:30ರವರೆಗೂ ರಸೀದಿಗೆ ಹಿಂದಿನ ದಿನದ ತಾರೀಕು ಬೀಳುತ್ತದೆ. ಕಾಫಿ ರೇಟು ದಿನ ದಿನಕ್ಕೆ ಬದಲಾಗುವಾಗ ಅದು ಸಣ್ಣ ವಿಷಯ ಅಲ್ಲ. ಸೆಟ್ಟಿಂಗ್‌ನಲ್ಲಿ ಐಎಸ್‌ಟಿ ಅಂತ ಬರೆಯಬೇಡಿ, ಇಸ್ರೇಲ್ ಮತ್ತು ಐರ್ಲೆಂಡ್‌ನವರೂ ತಮ್ಮ ಸಮಯಕ್ಕೆ ಐಎಸ್‌ಟಿ ಅನ್ನುತ್ತಾರೆ. ಏಷ್ಯಾ/ಕೋಲ್ಕತಾ ಅಂತಲೇ ಬರೆಯಿರಿ. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್, ಅಪ್ಲಿಕೇಶನ್ ಓಡುವ ಜಾವಾದ ಟೈಮ್‌ಝೋನ್ ಅನ್ನೇ ಡೇಟಾಬೇಸ್‌ಗೂ ಹೇಳುತ್ತದೆ, ಹಾಗಾಗಿ ಅಲ್ಲಿ ನೋಡಬೇಕಾದ್ದು ಅಪ್ಲಿಕೇಶನ್ ಸರ್ವರ್ ಅನ್ನು.

ಎನ್‌ಕ್ರಿಪ್ಷನ್ ಬಗ್ಗೆ ಒಂದೇ ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಎಸ್‌ಎಲ್ ಮೋಡ್ ಮೊದಲಿಗೆ ಪ್ರಿಫರ್ ಅಂತ ಇರುತ್ತದೆ. ಸರ್ವರ್ ಒಪ್ಪಿದರೆ ಎನ್‌ಕ್ರಿಪ್ಟ್, ಇಲ್ಲದಿದ್ದರೆ ಏನೂ ಹೇಳದೆ ಬರೀ ಮೈಯಲ್ಲಿ ಹೋಗು ಅಂತ ಅರ್ಥ. ಡೇಟಾಬೇಸ್ ಇಂಟರ್‌ನೆಟ್ ಆಚೆ ಇದ್ದರೆ ವೆರಿಫೈ ಫುಲ್ ಹಾಕಿ. ಆಗ ಸರ್ಟಿಫಿಕೇಟ್ ನಿಜವೇ, ಅದರಲ್ಲಿರುವ ಹೆಸರು ನಾವು ಕರೆದ ಹೆಸರೇ ಅಂತ ಎರಡನ್ನೂ ನೋಡುತ್ತದೆ.

ಪಾಸ್‌ವರ್ಡ್ ಈ ಫೈಲ್‌ನಲ್ಲಿ ಇರಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಇರುತ್ತದೆ. ಫೈಲ್ ಕೋಡ್‌ನ ಇತಿಹಾಸ ಇಡುವ ಗಿಟ್‌ಗೆ ಹೋಗುತ್ತದೆ, ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ (ಹಿಂದೆ ಉಳಿಸಿದ ಆವೃತ್ತಿಯಲ್ಲಿ) ಉಳಿದಿರುತ್ತದೆ. ಒಮ್ಮೆ ಹೋಗಿದ್ದರೆ ಅಳಿಸುತ್ತಾ ಕೂರಬೇಡಿ, ಪಾಸ್‌ವರ್ಡನ್ನೇ ಬದಲಿಸಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ, ಅಥವಾ ಸರ್ವರ್‌ನಲ್ಲಿ ಆ ಅಪ್ಲಿಕೇಶನ್‌ನ ಯೂಸರ್ ಮಾತ್ರ ಓದಬಹುದಾದ ಬೇರೆ ಫೈಲ್‌ನಲ್ಲಿ ಇಡಿ. ಡೇಟಾಬೇಸ್ ಕಡೆ ಇದರ ಜೋಡಿ ಆ ಯೂಸರ್‌ಗೆ ಕೊಟ್ಟ ಅಧಿಕಾರ. ರಸೀದಿಯ ಅಪ್ಲಿಕೇಶನ್‌ಗೆ ಟೇಬಲ್ ಅಳಿಸುವ ಅಧಿಕಾರ ಯಾಕೆ ಬೇಕು? ರಿಪೋರ್ಟ್‌ಗೆ ಓದುವ ಅಧಿಕಾರ ಮಾತ್ರ ಇರುವ ಬೇರೆ ಯೂಸರ್ ಮಾಡಿ. ಆ ಯೂಸರ್‌ಗೇ ಸ್ಟೇಟ್‌ಮೆಂಟ್ ಟೈಮ್‌ಔಟ್ ಕೂಡ ಬೇರೆ ಇಡಬಹುದು.

ಇಷ್ಟೆಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ, ಸೀಸನ್‌ಗೆ ಮೊದಲು, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ. ಟೆಸ್ಟ್ ಸರ್ವರ್‌ನಲ್ಲಿ ಹತ್ತು ಜನ ಒಟ್ಟಿಗೆ ರಸೀದಿ ಒತ್ತುತ್ತಿರಲಿ, ನೀವು ಡೇಟಾಬೇಸ್ ನಿಲ್ಲಿಸಿ. ಎಷ್ಟು ಸೆಕೆಂಡಿನಲ್ಲಿ ಎರರ್ ಬಂತು ಗಡಿಯಾರ ಹಿಡಿದು ನೋಡಿ, ನೀವು ಬರೆದ ನಂಬರ್‌ಗೆ ಅದು ಹೊಂದಬೇಕು. ಎರಡು ನಿಮಿಷ ಬಿಟ್ಟು ಡೇಟಾಬೇಸ್ ಎಬ್ಬಿಸಿ, ಅಪ್ಲಿಕೇಶನ್ ಮುಟ್ಟಬೇಡಿ. ಮುಂದಿನ ರಸೀದಿ ತಾನಾಗಿ ಬರಬೇಕು. ಬರದಿದ್ದರೆ ರಾತ್ರಿಯಿಡೀ ಹಾಗೇ ಬಿಟ್ಟು ಮನೆಗೆ ಹೋಗಬೇಡಿ, ಲಾಗ್ ತೆಗೆದು ಎರರ್ ಅನ್ನು ಅಕ್ಷರ ಅಕ್ಷರ ಓದಿ. ಮರುದಿನ ಬೆಳಿಗ್ಗೆ ಎಂಟಕ್ಕೆ ಗೇಟಿನ ರೈಟರ್ ಪಕ್ಕ ನಿಂತು, ಮೊದಲ ರಸೀದಿ ಒಂದೇ ಸಲಕ್ಕೆ ಆಗುತ್ತದೆಯಾ ನೋಡಿ.